ಕಿಟಕಿಯಿಲ್ಲದ ಕೋಣೆಯ ಗಾಳಿ

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಯಾರೋ ಹೇಳಿದ್ದು ಕೇಳಿಕೊಂಡು ಬಂದು ಹೇಳ್ತಿಲ್ಲ. ಆ ಬಟ್ಟೆಯ ತುಂಡನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ.

ಅಕ್ಕ ಟೈಲರ್. ಆ ರಾತ್ರಿ ಹೊಲಿದ ಸಮವಸ್ತ್ರಗಳನ್ನು ಕೊಟ್ಟು ನಡೆದು ಬರುವಾಗ ಹತ್ತೂವರೆ. ಅವಳ ಬೀದಿಯ ತಿರುವಿನಲ್ಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ದಾಟಿ ನಾಲ್ಕು ಹೆಜ್ಜೆ ಹಾಕಿದಳು... ನಿಂತಳು.

ಬಾವಿಯೊಳಗಿಂದ ಹುಂಂಂ... ಅಂತ ಸದ್ದು. ನೀರಿನದ್ದಲ್ಲ. ಅವಳ ಮನೆಯ ಫ್ಯಾನಿನದ್ದು!

ಅದು ಮಾಮೂಲಿ ಫ್ಯಾನಲ್ಲ. ಭಾವ ಎಲೆಕ್ಟ್ರಿಷಿಯನ್, ನಡುಮನೆಯ ಮೇಲೆ ಅಟ್ಟದ ಹಲಗೆ ಕೊಯ್ದು ತಾವೇ ಕೂರಿಸಿದ್ದು. ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ಕಿಟಕಿಗಳನ್ನೆಲ್ಲ ತೆಗೆದು ಸ್ವಿಚ್ ಹಾಕಬೇಕು. ಹೊರಗಿನ ತಂಗಾಳಿ ಕಿಟಕಿಯಿಂದ ಒಳಗೆ. ಮನೆಯ ಬಿಸಿಯೆಲ್ಲ ಅಟ್ಟಕ್ಕೆ, ಅಲ್ಲಿಂದ ಆಚೆಗೆ. ಏಸಿ ತಿನ್ನುವ ಕರೆಂಟಿನಲ್ಲಿ ಕಾಲು ಭಾಗವೂ ಬೇಡ. ಆದರೆ ಕಿಟಕಿ ಮುಚ್ಚಿಕೊಂಡು ಮಾತ್ರ ಹಾಕಬಾರದು. ಎಳೆಯಲು ಗಾಳಿ ಸಿಗದೆ ಗೊರ್ರ್ ಗೊರ್ರ್ ಅಂತ ಒದ್ದಾಡುತ್ತದೆ.

ಮೂರು ತಿಂಗಳ ಪಾಪುವಿಗೆ ಸೆಕೆಯಿಂದ ಮೈತುಂಬ ಬೆವರುಗುಳ್ಳೆ. ಏಸಿ ಹಾಕಿದರೆ ಬಿಲ್ಲು ಕಟ್ಟಲಾಗದು. ಅಕ್ಕನ ಅತ್ತೆ ಬೇರೆ ಹೇಳಿಬಿಟ್ಟಿದ್ದರು, "ಆ ಮನೇಲಿ ಈ ಬೇಸಿಗೆ ಹೇಗೆ ಕಳೀತೀಯೋ ನಾನೂ ನೋಡ್ತೀನಿ. ಆಗಲ್ಲ ಅಂದ್ರೆ ಮನೆ, ಮೆಷಿನ್ನು ಎರಡೂ ಮಾರಿ ಇಲ್ಲಿಗೆ ಬಾ."

ಅಕ್ಕ ಮನೆಗೆ ಓಡಿದಳು. ಕಿಟಕಿಗಳೆಲ್ಲ ಮುಚ್ಚಿವೆ. ಒಳಗೆ... ತಣ್ಣಗಿದೆ. ಪಾಪುವನ್ನು ಹೆಗಲ ಮೇಲೆ ಹಾಕಿಕೊಂಡು ಭಾವ ನಡುಮನೆಯಲ್ಲಿ ನಿಂತಿದ್ದಾರೆ.

"ಕಿಟಕಿ ಯಾಕ್ರೀ ತೆಗೆದಿಲ್ಲ?" ಪಿಸುಗುಟ್ಟಿದಳು.

"ಮರೆತೇಬಿಟ್ಟೆ ಕಣೇ. ಪಾಪು ಅಳ್ತಿತ್ತು, ಸ್ವಿಚ್ ಹಾಕ್ಬಿಟ್ಟೆ..."

"ಮತ್ತೆ ಈ ಗಾಳಿ?"

ಭಾವ ಗದ್ದದಲ್ಲೇ ಸ್ಟೋರ್ ರೂಮ್ ತೋರಿಸಿದರು.

ಅದಕ್ಕೆ ಕಿಟಕಿಯೇ ಇಲ್ಲ. ಮುಚ್ಚಿದ ಬಾಗಿಲ ಕೆಳಗಿನ ಸಂದಿಯಿಂದ ಸುಯ್ಯ್... ಅಂತ ಗಾಳಿ. ಬಿಂದಿಗೆ ಇಳಿಬಿಟ್ಟಾಗ ಬಾವಿಯಿಂದ ಮೇಲೆ ಬರುತ್ತದಲ್ಲ, ಆ ಪಾಚಿಯ ವಾಸನೆ.

ಅಕ್ಕ ಬಾಗಿಲು ತೆಗೆದಳು. ಬಟ್ಟೆ ಮೂಟೆ, ಮುರಿದ ಕುರ್ಚಿ, ಅಷ್ಟೇ. ಗಾಳಿ ನಿಂತಿತು. ಮೇಲೆ ಫ್ಯಾನು ಗೊರ್ರ್ ಅಂದಿತು. ಮುಚ್ಚಿದಳು. ಮತ್ತೆ ಸುಯ್ಯ್...

"ಹೊರಡು. ಈಗಲೇ ಅಮ್ಮನ ಮನೆಗೆ ಹೋಗೋಣ," ಭಾವ ಚಪ್ಪಲಿ ಹುಡುಕಿದರು.

"ಹೋಗಿ ಏನಂತ ಹೇಳ್ತೀರಿ? ಮನೆ ತುಂಬಾ ತಂಪಾಗಿತ್ತು, ಅದಕ್ಕೇ ಓಡಿ ಬಂದ್ವಿ ಅಂತಾನಾ?"

"ತಮಾಷೆ ಅಲ್ಲ ಕಣೇ... ಅಲ್ಲಿ ಏನೋ ಇದೆ."

"ಇರಲಿ. ಪಾಪು ನೋಡಿ."

ಎಷ್ಟೋ ದಿನದ ಮೇಲೆ ಪಾಪು ಬಾಯಿ ಕಳೆದುಕೊಂಡು ನಿದ್ದೆ ಹೋಗಿತ್ತು.

ಅಕ್ಕ ಮೆಷಿನ್ ಮೇಲಿದ್ದ ಲೈನಿಂಗ್ ಬಟ್ಟೆಯಿಂದ ಅಂಗೈಯಗಲ ತುಂಡು ಕತ್ತರಿಸಿ ಬಾಗಿಲ ಸಂದಿಗೆ ಹಿಡಿದಳು. ಪಟಪಟಪಟ. ಮಂಡಿಯೂರಿ ಕೂತು, ಜೋರಾಗಿಯೇ ಅಂದಳು:

"ನೀನು ಯಾರಾದ್ರೂ ಆಗಿರು. ನಾನು ಈ ಮನೆ ಬಿಡಲ್ಲ. ನೀನೂ ಇರೋದಾದ್ರೆ ಇರು. ಆದ್ರೆ ಇದು ಟೈಲರ್ ಮನೆ. ಸುಮ್ನೆ ಕೂರೋ ಹಾಗಿಲ್ಲ."

ಪಟಪಟ ನಿಂತಿತು.

ತುಂಡು ಅವಳ ಬೆರಳಿಂದ ಮೆಲ್ಲಗೆ... ಸರ್ರ್... ಒಳಕ್ಕೆ ಹೋಯಿತು.

ಅಕ್ಕ ಆ ಬಾಗಿಲ ಮುಂದೆಯೇ ಚಾಪೆ ಹಾಸಿ ಪಾಪುವನ್ನು ಪಕ್ಕಕ್ಕೆ ಹಾಕಿಕೊಂಡು ಮಲಗಿದಳು. ಹಟಕ್ಕೆ ಬಿದ್ದರೆ ಅವಳು ಹಾಗೇ.

ಬೆಳಿಗ್ಗೆ ಫ್ಯಾನ್ ಆರಿಸಿದಾಗ ಅದರ ಕೆಳಗಿನ ತಗಡಿನ ಪಟ್ಟಿಗಳು ಟಪ್, ಟಪ್ ಅಂತ ಮುಚ್ಚಿಕೊಂಡವು. ಬಟ್ಟೆಯ ತುಂಡು ಚಾಪೆಯ ಮೇಲಿತ್ತು. ಒದ್ದೆಯಾಗಿತ್ತು. ನಾಲ್ಕೂ ಅಂಚು ಮಡಚಿ ಕೈಹೊಲಿಗೆ ಹಾಕಿತ್ತು.

ಇದು ಅವರಿಗೆ ಆ ಮನೆಯಲ್ಲಿ ಮೂರನೇ ಬೇಸಿಗೆ. ಅತ್ತೆಯೂ ಬಂದು ನಡುಮನೆಯಲ್ಲಿ ಎರಡು ರಾತ್ರಿ ಮಲಗಿ, "ಪರವಾಗಿಲ್ಲ, ಚಳೀನೇ ಆಗುತ್ತೆ" ಅಂದು ಹೋದರು.

ಅಕ್ಕನೇ ಹೊಲಿದಿರಬೇಕು ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಅವಳು ತುಂಡನ್ನು ನನ್ನ ಕೈಗೆ ಕೊಟ್ಟು, "ನೂಲು ಎಲ್ಲಿ ಶುರುವಾಗಿದೆ ಹೇಳು" ಅಂದಳು. ಬಿಸಿಲಿಗೆ ಹಿಡಿದೆ. ಉಗುರಿಂದ ನಾಲ್ಕೂ ಅಂಚು ಸವರಿದೆ.

ಎಲ್ಲೂ ಗಂಟಿಲ್ಲ, ನೂಲಿನ ತುದಿಯೂ ಇಲ್ಲ.