ಕಮಾನಿನ ಕೆಳಗೆ

ಯಲಹಂಕದ ಬಸ್ ನಿಲ್ದಾಣದಲ್ಲಿ ಫರೀದಾಳ ಪಕ್ಕದಲ್ಲೇ ಒಬ್ಬ ಗಾರೆ ಮೇಸ್ತ್ರಿ, ಕಾಲೇಜಿಗೆ ಹೊರಟ ಮಗಳ ಜೊತೆ ಕೂತಿದ್ದ. ಕೇಳಬಾರದೆಂದುಕೊಂಡರೂ ಫರೀದಾಳ ಕಿವಿ ಅತ್ತಲೇ ಇತ್ತು.

“ಪರೀಕ್ಷೆ ಅಂದ್ರೆ ಬರೆಯೋದಲ್ವೇನಮ್ಮ?”

“ಹಳ್ಳಿ ಕಸುಬು ಕಲಿಸೋ ನಮ್ಮ ಕಾಲೇಜಲ್ಲಿ ಕಟ್ಟಿ ತೋರಿಸ್ಬೇಕಪ್ಪಾ. ಮಣ್ಣಿನ ಇಟ್ಟಿಗೇಲಿ ಕಮಾನು ಕಟ್ಟಿದೀನಿ. ಮಧ್ಯಾಹ್ನ ಕೆಳಗೆ ಆಸರೆಗಿಟ್ಟ ಸೆಂಟ್ರಿಂಗ್ ಬಿಚ್ತಾರೆ.”

“ಬಿಚ್ಚುವಾಗ ಕೆಳಗೆ ಯಾರಿರ್ತಾರೆ?”

“ಕಟ್ಟಿದವರೇ ನಿಂತ್ಕೋಬೇಕು. ಅದೇ ಪರೀಕ್ಷೆ.”

“ಮೂವತ್ತು ವರ್ಷದಲ್ಲಿ ನಾನೇ ಹಂಗೆ ನಿಂತಿಲ್ಲ ಕಣಮ್ಮ!”

“ಕಟ್ಟೋದು ಹೇಳ್ಕೊಟ್ಟಿದ್ದು ನೀನೇ ಅಲ್ವಾ?”

“ಅದಕ್ಕೇ ಭಯ.”

ಫರೀದಾಳ ಬಸ್ಸು ಬಂದು ಹೋಯಿತು, ಅವಳು ಏಳಲಿಲ್ಲ. ಅವರ ಬಸ್ಸು ಬಂದಾಗ ಮೇಸ್ತ್ರಿ ಮಗಳ ಬ್ಯಾಗು ಹಿಡಿದು ತಾನೇ ಮೊದಲು ಹತ್ತಿದ.

“ನೀನೆಲ್ಲಿಗಪ್ಪಾ? ಒಳಗೆ ಬಿಡಲ್ಲ.”

“ಗೇಟ್ ಹತ್ರ ನಿಂತಿರ್ತೀನಿ. ಬಿದ್ದ ಸದ್ದು ಕೇಳದಿದ್ರೆ ಹಂಗೇ ವಾಪಸ್ ಬಂದ್ಬಿಡ್ತೀನಿ.”