ದೊಡ್ಡ ಬಾಗಿಲಿನ ಮುಂದೆ

ಕಣ್ಣಿಗೆ ಮರದ ಪುಡಿ ಬಿದ್ದಿದ್ದ ಬಡಗಿ ಆಸ್ಪತ್ರೆಯ ಬೆಂಚಿನಲ್ಲಿ ಎರಡೂ ಕಣ್ಣು ಮುಚ್ಚಿ ಕೂತಿದ್ದ. ಕಿವಿಗೆ ಮಾತ್ರ ಕೈತುಂಬ ಕೆಲಸ. ಪಕ್ಕದಲ್ಲಿ ಪೊರೆಯ ಆಪರೇಷನ್ನಿಗೆ ಬಂದ ಅಜ್ಜಿ, ಜೊತೆಗೆ ಮೊಮ್ಮಗಳು. ನರ್ಸ್ ಆಗತಾನೇ ಅಜ್ಜಿಯ ಕಣ್ಣಿಗೆ ಹನಿ ಹಾಕಿ, ಮಾತ್ರೆ ನುಂಗಿಸಿ ಹೋಗಿದ್ದಳು.

“ನಡಿಯೇ ಪುಟ್ಟಿ, ಮನೆಗೆ ಹೋಗೋಣ.”

“ಯಾಕಜ್ಜಿ?”

“ನಾವಿಬ್ರೂ ಆಡೋ ವಿಡಿಯೋ ಗೇಮಲ್ಲಿ ದಾರಿ ತುಂಬ ಔಷಧಿ ಸಿಕ್ರೆ ಏನರ್ಥ?”

“ಮುಂದಿನ ಬಾಗಿಲ ಹಿಂದೆ ದೊಡ್ಡ ರಾಕ್ಷಸ ಇದಾನೆ ಅಂತ.”

“ಮತ್ತೆ? ಇಲ್ಲಿ ಕೇಳದೇನೇ ಕೊಡ್ತಿದಾರಲ್ಲ.”

“ಒಳಗಿರೋದು ಡಾಕ್ಟರು. ರಾಕ್ಷಸ ಇರೋದು ನಿನ್ನ ಕಣ್ಣಲ್ಲಿ.”

“ಅದೆಂಥ ರಾಕ್ಷಸ? ಎಲ್ಲಾ ಆಟದಲ್ಲೂ ಮೊದಲು ಎದುರಾಗತ್ತಲ್ಲ, ಒಂದೇಟಿಗೆ ಸಾಯೋ ಆ ಲೋಳೆ ಮುದ್ದೆ, ಅಂಥದ್ದು.”

“ಅದನ್ನ ಯಾವತ್ತಾದ್ರೂ ಹೊಡೆದಿದ್ದೀಯಾ? ಪಾಪ ಅಂತ ಸುತ್ತು ಹಾಕ್ಕೊಂಡು ಹೋಗ್ತೀಯ. ಕಣ್ಣಲ್ಲಿರೋದನ್ನೂ ಹಾಗೇ ಸಾಕ್ಕೊಂಡೆ. ನಿನ್ನೆ ಆಟದಲ್ಲಿ ಕಣ್ಣು ಕಾಣದೆ ನನ್ನನ್ನೇ ರಾಕ್ಷಸ ಅಂತ ಚಚ್ಚಿ ಹಾಕಿದೆ.”

“ನೀನ್ಯಾಕೆ ಅಡ್ಡ ಬಂದೆ?”

“ನಿನ್ನನ್ನ ಕಾಪಾಡೋಕೆ.”

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಕರೆದಳು.

“ನೀನೂ ಬಾರೇ.”

“ಒಬ್ಬರನ್ನೇ ಬಿಡೋದಂತೆ ಅಜ್ಜಿ. ನಾನಿಲ್ಲೇ ಇರ್ತೀನಿ.”

“ಹಾಗಾದ್ರೆ ಕನ್ನಡಕ ಹಿಡಿ. ಮನೇಲಿ ಆಟ ನಿಲ್ಲಿಸಿದಲ್ಲೇ ಇರ್ಲಿ. ನಾನು ಬರದೇ ಆ ದೊಡ್ಡ ಬಾಗಿಲು ತೆಗೀಬೇಡ.”

“ತೆಗಿಯಲ್ಲ.”

“ಪಟ್ಟಿ ಬಿಚ್ಚಲಿ, ಕಣ್ತುಂಬ ನೋಡ್ಕೊಂಡು ಹೊಡೀತೀನಿ.”

“ಯಾರನ್ನ?”

“ನಿನ್ನನ್ನಂತೂ ಅಲ್ಲ.”

ಅಜ್ಜಿಯ ಚಪ್ಪಲಿಯ ಸದ್ದು ಬಾಗಿಲವರೆಗೂ ಹೋಗಿ ಹೊರಗೇ ನಿಂತಿತು. ಬರಿಗಾಲ ಹೆಜ್ಜೆಗಳು ಒಳಗೆ ಹೋದವು.