ಸಾಹುಕಾರ ತುಳು ಕಲಿತದ್ದು

ಹೊಸ ಭಾಷೆಗೆ ನಾಲಿಗೆ ಬಾಗಬೇಕಾದರೆ ಮೊದಲು ತಲೆ ಬಾಗಬೇಕು. ಅದಕ್ಕೊಂದು ದೃಷ್ಟಾಂತ ಕೇಳಿ.

ಬಯಲುಸೀಮೆಯ ಒಂದೂರಿನಲ್ಲಿ ಒಬ್ಬ ಸಾಹುಕಾರ. ಎರಡು ಹತ್ತಿ ಗಿರಣಿ, ಊರ ತುಂಬ ಮರ್ಯಾದೆ. ಹೆಂಡತಿಯನ್ನು ತಂದದ್ದು ಮಂಗಳೂರಿನ ಕಡೆಯಿಂದ. ಆಕೆಯ ಮನೆಮಾತು ತುಳು. ಬಂದ ವರ್ಷದೊಳಗೆ ಆಕೆ ಈ ಕಡೆಯ ಕನ್ನಡ ಕಲಿತಳು, ಅತ್ತೆಯ ಬೈಗುಳವನ್ನೂ ಸೇರಿಸಿ. ಮೂವತ್ತೈದು ವರ್ಷದಲ್ಲಿ ಸಾಹುಕಾರ ತುಳುವಿನ ಎಷ್ಟು ಮಾತು ಕಲಿತ? ಒಂದೂ ಇಲ್ಲ. ಆಕೆ ತವರಿಗೆ ಫೋನು ಮಾಡಿದರೆ, ಗದ್ದಲವೆಂದು ಎದ್ದು ಹೋಗುತ್ತಿದ್ದ.

ಒಂದು ದಿನ ಆಕೆಗೆ ಲಕ್ವ ಹೊಡೆಯಿತು. ಜೀವವೇನೋ ಉಳಿಯಿತು. ಆದರೆ ನೋಡಿ, ಕನ್ನಡ ಪೂರಾ ಹೋಗಿಬಿಟ್ಟಿತ್ತು. ಉಳಿದದ್ದು ತೊಟ್ಟಿಲಲ್ಲಿ ಕೇಳಿದ ತುಳು ಮಾತ್ರ. ಹೀಗೂ ಆಗುವುದುಂಟು ಎಂದರು ಡಾಕ್ಟರು. ಆಕೆ ಏನೋ ಕೇಳುತ್ತಾಳೆ, ಇವನು ನೀರು ಕೊಡುತ್ತಾನೆ. ಮತ್ತೆ ಕೇಳುತ್ತಾಳೆ, ಹೊದಿಕೆ ಹೊದಿಸುತ್ತಾನೆ. ಕೊನೆಗೆ ಆಕೆ ಗೋಡೆಯ ಕಡೆ ತಿರುಗಿ ಮಲಗಿದಳು. ಕೇಳುವುದನ್ನೇ ಬಿಟ್ಟಳು.

ಸಾಹುಕಾರ ಪುಸ್ತಕ ತರಿಸಿದ. ಮೇಷ್ಟರನ್ನು ಗೊತ್ತು ಮಾಡಿ ಒಂದು ತಿಂಗಳು ಕ್ರಿಯಾಪದ ಬಾಯಿಪಾಠ ಮಾಡಿದ. ಹೆಂಡತಿಯ ಮುಂದೆ ನಿಂತರೆ ಮಾತ್ರ ಬಾಯಿ ಕಟ್ಟುತ್ತಿತ್ತು. ತಪ್ಪಾದರೆ? ಗಿರಣಿಯ ಯಜಮಾನ ಕೂಸಿನ ಹಾಗೆ ತೊದಲುವುದೇ?

ಅಷ್ಟರಲ್ಲಿ ಆಕೆಯ ತಂಗಿ ಗುಲಾಬಿ ಅಕ್ಕನನ್ನು ನೋಡಲು ಬಂದಳು. ಎರಡು ದಿನ ಸುಮ್ಮನೆ ಗಮನಿಸಿ ಹೇಳಿದಳು: "ಪುಸ್ತಕ ಮುಚ್ಚಿಡಿ ಭಾವ. ಅಕ್ಕ ಕನ್ನಡ ಪುಸ್ತಕದಲ್ಲಿ ಕಲಿತದ್ದಾ? ಅಡುಗೆಮನೆಯಲ್ಲಿ ಕಲಿತದ್ದು. ನೀವು ಅವಳ ಹತ್ರವೇ ಕೇಳಿ."

ಇದೇನು ಎಂದು ಕೇಳಲು 'ಉಂದು ದಾದ?' ಎನ್ನಬೇಕೆಂದು ಕಲಿಸಿದಳು. ದಿನಕ್ಕೆ ಐದೇ ಮಾತು. ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನದೊಳಗೆ ಆಡಬೇಕು. ಮರುದಿನ ಹಳೆಯ ಐದನ್ನು ಆಡಿ ತೋರಿಸಿಯೇ ಹೊಸ ಐದು.

ಸಾಹುಕಾರ ಲೋಟ ಹಿಡಿದು ಕೇಳಿದ. ಬಾಚಣಿಗೆ ಹಿಡಿದು ಕೇಳಿದ. ಆಕೆ ತಿರುಗಲಿಲ್ಲ. ಎರಡನೆಯ ದಿನವೂ ಇಲ್ಲ. ಅವಮಾನವಾಯಿತು, ಆದರೂ ಕೇಳಿದ. ಮೂರನೆಯ ದಿನ ಗೋಡೆಯ ಕಡೆಯಿಂದಲೇ ಉತ್ತರ ಬಂತು.

ವಾರ ಕಳೆಯಿತು. ಊಟಕ್ಕೆ ಬನ್ನಿ ಎನ್ನಲು 'ಬಲೆ' ಎನ್ನಬೇಕಿತ್ತು. ಸಾಹುಕಾರ ಬಾಗಿಲಲ್ಲಿ ನಿಂತು ಗಟ್ಟಿಯಾಗಿ 'ಪೋಲೆ' ಎಂದ. ಹೋಗಿ ಎಂದಂತಾಯಿತು! ಆಕೆ ಇತ್ತ ತಿರುಗಿದಳು. ಸೊಟ್ಟಗಾದ ಬಾಯಲ್ಲೇ ನಕ್ಕಳು.

"ಪೋಲೆ ಅತ್ತ್," ಪೋಲೆ ಅಲ್ಲ ಎಂದು ತಿದ್ದಿದಳು. "ಬಲೆ."

"ಬಲೆ," ಎಂದ ಸಾಹುಕಾರ. ಕಣ್ಣು ಒದ್ದೆಯಾಗಿತ್ತು. ಮೂವತ್ತೈದು ವರ್ಷದಲ್ಲಿ ಹೆಂಡತಿಯನ್ನು 'ಬನ್ನಿ' ಎಂದು ಕರೆದದ್ದು ಅದೇ ಮೊದಲು.

ಆಕೆ ಇನ್ನೂ ನಾಲ್ಕು ವರ್ಷ ಬದುಕಿದಳು. ಕನ್ನಡ ಮರಳಲೇ ಇಲ್ಲ. ಆದರೆ ಮನೆಯಲ್ಲಿ ಮಾತು ನಿಲ್ಲಲಿಲ್ಲ. ತಾನು ಹುಡುಗಿಯಾಗಿದ್ದಾಗ ನದಿ ಈಜಿ ಆಚೆ ದಡ ಮುಟ್ಟಿದ್ದನ್ನು ಆಕೆ ಹೇಳಿದ್ದು ಆ ದಿನಗಳಲ್ಲಿ. ಅಲ್ಲಿಯವರೆಗೆ ಗಂಡನಿಗೆ ಅದು ಗೊತ್ತೇ ಇರಲಿಲ್ಲ.

ಈಗ ನಿಮ್ಮ ಮನೆಗೆ ಬನ್ನಿ. ನಿಮ್ಮ ಸೊಸೆ ನಿದ್ದೆಗಣ್ಣಲ್ಲಿ ಕನವರಿಸುವುದು ಯಾವ ಭಾಷೆಯಲ್ಲಿ? ಪಕ್ಕದ ಮನೆಯಾಕೆ ಮಗುವಿಗೆ ಲಾಲಿ ಹಾಡುವುದು ಯಾವುದರಲ್ಲಿ? ಗೊತ್ತಿಲ್ಲ, ಅಲ್ಲವೇ? ಇವತ್ತೇ ಹೋಗಿ ಐದು ಮಾತು ಕೇಳಿ. ಬರೆದು ಪೆಟ್ಟಿಗೆಯಲ್ಲಿ ಇಡಬೇಡಿ. ಸಂಜೆಯೊಳಗೆ ಅವರ ಮುಂದೆಯೇ ಆಡಿ. ತಪ್ಪಾಗುತ್ತದೆ, ಆಗಲಿ. ನಗುತ್ತಾರೆ, ನಗಲಿ. ನಗೆಗೀಡಾಗಲು ಒಪ್ಪದವನಿಗೆ ಯಾವ ಭಾಷೆಯೂ ಒಲಿಯುವುದಿಲ್ಲ. ನಿಮ್ಮ ಮನೆಯಲ್ಲೇ ಯಾರಾದರೂ ಗೋಡೆಯ ಕಡೆ ತಿರುಗಿ ಮಲಗುವ ತನಕ ಕಾಯಬೇಡಿ.